ತಲೆಗೊಂದು ಪದ ಹಂಚಿದ ಮೇಷ್ಟ್ರು

ಅವರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ನಡುಗೆಣ್ಣಿನಿಂದ ಮೇಲಕ್ಕೆ ಏನೂ ಇಲ್ಲ. ತುದಿ ಮೊಂಡಾಗಿ, ನುಣ್ಣಗೆ, ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕಿತ್ತು. ಸೀಮೆಸುಣ್ಣವನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಬರೆದರೆ ಮಾತ್ರ, ಅಬ್ಬಾ, ಅಚ್ಚು ಹಾಕಿದಂಥ ಅಕ್ಷರ! ಬೋರ್ಡಿನ ಮೇಲೆ ಏನನ್ನಾದರೂ ತೋರಿಸುವಾಗ ಆ ಮೋಟು ಬೆರಳೇ ಮುಂದೆ ಬರುತ್ತಿತ್ತು. ಹೊಸ ಹುಡುಗರು ಅದನ್ನೇ ನೋಡುತ್ತ ಕೂತು ಪಾಠ ಮರೆಯುತ್ತಿದ್ದರು. ಬೆರಳು ಎಲ್ಲಿ ಹೋಯಿತು ಸಾರ್ ಎಂದು ಕೇಳುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ನನಗೆ ಅದು ಗೊತ್ತಾದದ್ದು ಮೂರು ವರ್ಷದ ಮೇಲೆ, ಒಂದು ರಸ್ತೆಯ ಬದಿಯಲ್ಲಿ, ನನ್ನ ಓದು ಉಳಿಯುತ್ತದೋ ಇಲ್ಲವೋ ಎಂದು ನಿಂತಿದ್ದಾಗ.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಊರಿನಲ್ಲಿ ನಮ್ಮ ಹೈಸ್ಕೂಲು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅವರು ನಮಗೆ ಇಂಗ್ಲಿಷ್ ಮೇಷ್ಟ್ರು. ಎಂಟನೇ ಇಯತ್ತೆಯ ಮೊದಲ ದಿನ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಒಳಗೆ ಮಡಿಚಿದ ಚೀಟಿಗಳು. ಒಬ್ಬೊಬ್ಬರೂ ಒಂದೊಂದು ಎತ್ತಬೇಕು. ಎತ್ತಿದ ಚೀಟಿಯಲ್ಲಿ ಯಾವ ಇಂಗ್ಲಿಷ್ ಪದವಿದೆಯೋ ಅದು ಮೂರು ವರ್ಷ ನಮ್ಮದು. ಅದಕ್ಕೊಂದು ನೋಟ್‌ಬುಕ್ಕು. ಆ ಪದ ಎಲ್ಲಿ ಕಂಡರೂ, ಯಾರ ಬಾಯಲ್ಲಿ ಕೇಳಿದರೂ, ಬರೆದುಕೊಂಡು ಬಂದು ತೋರಿಸಬೇಕು. ಎಲ್ಲಾ ಗಿಡ್ಡ ಗಿಡ್ಡ ಪದಗಳು: ಗೆಟ್, ಪುಟ್, ರನ್, ಗಿವ್.

"ದೊಡ್ಡ ಪದಕ್ಕ ಎಲ್ಲರೂ ಹೆದರತಾರ, ಅದಕ್ಕ ನೆನಪಿಟ್ಕಂತಾರ," ಎನ್ನುತ್ತಿದ್ದರು. "ಮನಿಷಾನ್ನ ಮೋಸ ಮಾಡೂದು ಸಣ್ಣ ಪದ ನೋಡ್ರಿ."

ನನಗೆ ಬಂದದ್ದು 'ಟೇಕ್'. ನನಗೋ ಮುಖ ಸಪ್ಪಗಾಯಿತು. "ಟೇಕ್ ಅಂದ್ರ ತಗೋ ಅಂತ. ಮುಗೀತಲ್ರಿ ಸಾರ್," ಎಂದೆ.

"ಮುಗೀತಾ? ಬಲೇ ಶ್ಯಾಣ್ಯಾಕಿ ಅದೀಯಲ್ಲವ್ವಾ! ಹೋಗು, ಒಂದು ವಾರ ಬಿಟ್ಟು ಬಂದು ಮತ್ತ ಇದ ಮಾತು ಹೇಳು."

ವಾರವೇನು, ಮೂರು ದಿನಕ್ಕೆ ನನ್ನ ಸೊಕ್ಕಿಳಿಯಿತು. ಆಸ್ಪತ್ರೆಯ ಕಂಪೌಂಡರು ಗುಳಿಗೆ ಕೊಡುವಾಗ ಟೇಕ್ ಎಂದರು. ಇನ್‌ಸ್ಪೆಕ್ಟರು ಬಂದು ಕುಳಿತುಕೊಳ್ಳಿ ಎನ್ನುವುದಕ್ಕೂ ಅದೇ. ಕೊಟ್ಟೂರಿನ ಫೋಟೋ ಸ್ಟುಡಿಯೋದವನೂ ಅದೇ. ಬಸ್ಸು ಹತ್ತುವುದಕ್ಕೂ, ಸ್ನಾನಕ್ಕೂ, ಪರೀಕ್ಷೆಗೂ ಟೇಕೇ. ಮೇಷ್ಟ್ರು ನನ್ನ ನೋಟ್‌ಬುಕ್ಕು ನೋಡಿ ನಗುತ್ತಿದ್ದರು. "ನೋಡ್ರಲೇ, ಗುಳಿಗಿ ನಾವು ನುಂಗತೀವಿ, ಬಸ್ ಹತ್ತತೀವಿ, ಫೋಟೋ ಹಿಡಸ್ತೀವಿ, ಜಳಕ ಮಾಡ್ತೀವಿ, ಪರೀಕ್ಷಿ ಬರೀತೀವಿ. ನಾವು ಕೈಬಿಚ್ಚಿ ಪದ ಖರ್ಚು ಮಾಡೋ ಮಂದಿ. ಅವರು ಎಲ್ಲಾದಕ್ಕೂ ಒಂದರಾಗ ತೀರಸ್ತಾರ. ಜಿಪುಣರು!" ಇಡೀ ಕ್ಲಾಸು ಗೊಳ್ಳೆನ್ನುತ್ತಿತ್ತು.

ನಮ್ಮಪ್ಪ ರೋಡ್ ಗ್ಯಾಂಗಿನಲ್ಲಿ ಕೂಲಿ. ಓದು ಬರಹ ಇಲ್ಲ. ರಸ್ತೆ ಅಗೆದ ಕಡೆ ಒಂದು ತಗಡಿನ ಬೋರ್ಡು ನಿಲ್ಲಿಸುವುದು, ಸಂಜೆ ಅದನ್ನು ಹೆಗಲ ಮೇಲೆ ಹೊತ್ತು ತರುವುದು ಅವನ ಕೆಲಸಗಳಲ್ಲಿ ಒಂದು. ಒಂದು ಸಂಜೆ ಆ ಬೋರ್ಡನ್ನು ಕೂಡಿಸಿ ಓದಿದೆ: ಟೇಕ್ ಡೈವರ್ಷನ್. "ಯಪ್ಪಾ, ನನ್ನ ಪದ!" ಎಂದು ಕುಣಿದೆ. ಅಪ್ಪನಿಗೆ ನಂಬಿಕೆಯಾಗಲಿಲ್ಲ. "ನನ್ನ ಬೋರ್ಡಿನಾಗ ನಿನ್ನ ಪದ ಐತೇನಬೇ? ಎಲ್ಲೈತಿ, ಮುಟ್ಟಿ ತೋರ್ಸು," ಎಂದ. ತೋರಿಸಿದೆ. ಮರುದಿನ ಹೋಗುವ ಮುಂಚೆ ಅವನು ಆ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದನ್ನು ನೋಡಿದೆ.

ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಬಂದದ್ದು 'ಲುಕ್'. ಮೂರು ಮೈಲಿ ಆಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದಳು. ನನಗಿಂತ ಚುರುಕು, ನನಗಿಂತ ಹಟಮಾರಿ. ನನ್ನ ನೋಟ್‌ಬುಕ್ಕಿನಲ್ಲಿ ನಲವತ್ತು ವಾಕ್ಯವಾದರೆ ಅವಳದರಲ್ಲಿ ಅರವತ್ತು. ಮೇಷ್ಟ್ರಿಗೆ ಅವಳೆಂದರೆ ಪ್ರಾಣ. "ಈಕಿ ಕಾಲೇಜಿನಾಗ ಇಂಗ್ಲಿಷ್ ಪಾಠ ಮಾಡ್ತಾಳ, ಬರದಿಟ್ಕೊಳ್ರಿ," ಎನ್ನುತ್ತಿದ್ದರು. ನನಗೆ ಹೊಟ್ಟೆಯುರಿ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಇಷ್ಟೇ ಆಗಿದ್ದರೆ ಇದು ಒಳ್ಳೆಯ ಮೇಷ್ಟ್ರ ಕತೆ. ಎಲ್ಲ ಊರಿನಲ್ಲೂ ಒಬ್ಬರಿರುತ್ತಾರೆ. ಆದರೆ ಹತ್ತನೇ ಇಯತ್ತೆಯಲ್ಲೂ ಅವರು ಈ ಹುಚ್ಚು ಬಿಡಲಿಲ್ಲ. ದಸರೆ ಕಳೆದು ಸಂಕ್ರಾಂತಿ ಬಂದರೂ ಪಠ್ಯಪುಸ್ತಕ ಅರ್ಧಕ್ಕೇ ನಿಂತಿತ್ತು. ಒಂದು ದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, "ಪಾಠ ಮುಗಿಸ್ರಿ, ಪಬ್ಲಿಕ್ ಪರೀಕ್ಷಿ ಐತಿ," ಎಂದು ಗದರಿದರು. ನಮ್ಮ ಮೇಷ್ಟ್ರು, "ಭಾಷಿ ಬಂದ್ರ ಪಾಠ ತಾವಾಗಿ ಬರತಾವ್ರಿ," ಎಂದುಬಿಟ್ಟರು. ನಾವು ಚಪ್ಪಾಳೆ ತಟ್ಟಿದೆವು. ಎಂಥ ಮಂಕುಗಳು!

ಪರೀಕ್ಷೆ ಕೊಟ್ಟೂರಿನಲ್ಲಿ. ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೈಗೆ ಬಂತು. ಕೇಳಿದ್ದೆಲ್ಲ ಪುಸ್ತಕದ ಹಿಂದಿನ ಅರ್ಧದಿಂದ. ಕೇಳರಿಯದ ಪದ್ಯ, ಕಂಡರಿಯದ ಪಾಠ. ಮುಂದಿನ ಬೆಂಚಿನಿಂದ ಗೆಳತಿ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಮೂರು ವರ್ಷ ಕಷ್ಟಪಟ್ಟು ಕೂಡಿಸಿದ ಒಂದು ವಾಕ್ಯವೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಫಲಿತಾಂಶದ ದಿನ ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಮಂದಿ ಇಂಗ್ಲಿಷಿನಲ್ಲಿ ಫೇಲು. ನಾನೂ. ಗೆಳತಿಯೂ. ಉಳಿದ ಎಲ್ಲ ವಿಷಯದಲ್ಲಿ ನಾವು ಪಾಸು, ಅದೊಂದೇ ಇಲ್ಲ. ಬರುವ ದಾರಿಯಲ್ಲಿ ಅವಳು ಹೇಳಿದಳು: "ನಮ್ಮ ಮನ್ಯಾಗ ಇದನ್ನ ಕಾಯತಿದ್ರಲ್ಲೇ. ಮೈಲಾರದ ಕಡಿ ಒಂದು ಸಂಬಂಧ ಬಂದೈತಿ. ಪಾಸಾದ್ರ ಓದು, ಇಲ್ಲಂದ್ರ ಲಗ್ನ ಅಂದಿದ್ದ ನಮ್ಮಪ್ಪ." ನಮ್ಮ ಮನೆಯಲ್ಲೂ ಅದೇ. ಹೊಸಹಳ್ಳಿಯ ಸೋದರಮಾವನಿಗೆ ಅವ್ವ ಆಗಲೇ ಹೇಳಿಕಳಿಸಿದ್ದಳು. ಆಷಾಢ ಹಿಡಿಯುವುದರೊಳಗೆ ಮುಗಿಸಬೇಕೆಂದು ಅವಳ ಆತುರ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೇಷ್ಟ್ರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟೇಕ್ ನೋಟ್‌ಬುಕ್ಕನ್ನು ಒಲೆಗೆ ಹಾಕಲು ಎತ್ತಿದ್ದೆ. ಕೈ ಬರಲಿಲ್ಲ.

ಐದನೇ ದಿನ ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಕೊಟ್ಟೂರು ರಸ್ತೆಯಲ್ಲಿ ಜಲ್ಲಿ ಹಾಸುತ್ತಿದ್ದರು. ಉರಿ ಬಿಸಿಲು. ಬಸ್ಸೊಂದು ನಿಂತು, ಮೇಷ್ಟ್ರು ಇಳಿದರು. ಬಗಲಲ್ಲಿ ಶಾಲೆಯ ಹಾಜರಿ ಪುಸ್ತಕ. ಬಿಳಿ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ನೇರವಾಗಿ ಅಪ್ಪನ ಮುಂದೆ ಬಂದು ಕೈಮುಗಿದರು. ಗ್ಯಾಂಗಿನವರೆಲ್ಲ ಗುದ್ದಲಿ ಬಿಟ್ಟು ನಿಂತರು.

"ನಿಮ್ಮ ಮಗಳಿಗಿ ಬೈಬ್ಯಾಡ್ರಿ," ಎಂದರು. "ಪುಸ್ತಕ ನಾನು ಅರ್ಧಕ್ಕ ಬಿಟ್ಟೆ. ನನ್ನ ಹುಡುಗರಿಗಿ ಭಾಷಿ ಬರತೈತಿ ಅನ್ನೋ ಸೊಕ್ಕಿನಾಗ ಪರೀಕ್ಷಿ ಮರತೆ. ಹೇಳಿಕೊಡದ ಪಾಠದಾಗ ಪ್ರಶ್ನಿ ಬಂದ್ರ ಆಕಿ ಏನು ಬರೀಬೇಕ್ರಿ? ತಪ್ಪು ನಂದೈತಿ."

ನಮ್ಮ ಕೇರಿಯವರನ್ನು ಊರಿನಲ್ಲಿ ಓದಿದವರು 'ರಿ' ಹಚ್ಚಿ ಮಾತಾಡಿಸುತ್ತಿರಲಿಲ್ಲ. ಇನ್ನು ತಪ್ಪು ನಂದು ಅನ್ನುವುದಂತೂ ದೂರ ಉಳಿಯಿತು. ಅಪ್ಪನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಬಿಡ್ರಿ ಸಾರ್, ಆಕಿ ಹಣಿಬರ," ಎಂದ.

"ಹಣಿಬರ ಅಲ್ರಿ," ಎಂದು ಮೇಷ್ಟ್ರು ಆ ಮೋಟು ಬೆರಳನ್ನು ಅವನ ಮುಖದ ಮುಂದೆ ಹಿಡಿದರು. "ನಾನೂ ಇಂಗ್ಲಿಷಿನಾಗ ಫೇಲಾದವನ. ಫೇಲಾದ ಎಂಟು ದಿನಕ್ಕ ನಮ್ಮಪ್ಪ ಹತ್ತಿ ಮಿಲ್ಲಿಗಿ ಹಾಕಿದ. ಇದು ಆ ಮಿಷನ್ನಿನಾಗ ಹೋತು. ಬೆರಳು ಹೋದ ಮ್ಯಾಲ ಮತ್ತ ಓದಾಕ ಬಿಟ್ಟ. ನಾಕು ತಿಂಗಳು ತಡದಿದ್ರ ಅಕ್ಟೋಬರದಾಗ ಮತ್ತ ಬರೀತಿದ್ದೆ. ತಡೀಲಿಲ್ಲ. ನಿಮ್ಮನ್ನ ಕೇಳೂದು ಅಷ್ಟ, ನಾಕು ತಿಂಗಳು. ನಾನು ಕೂತು ಓದಸ್ತೀನಿ."

ಅಪ್ಪ ಬೆರಳು ನೋಡಿದ, ನನ್ನ ನೋಡಿದ. ಆಮೇಲೆ ರಸ್ತೆಯ ನಡುವೆ ನಿಂತಿದ್ದ ತನ್ನ ಬೋರ್ಡಿನ ಕಡೆ ನೋಡಿದ. "ಅಕ್ಟೋಬರ್‌ತನ ತಡೀತೀನ್ರಿ," ಎಂದ. "ಅವರವ್ವಗ ನಾನು ಹೇಳ್ತೀನಿ."

ಮೇಷ್ಟ್ರು ಹಾಜರಿ ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ ಒಂದು ಗೆರೆ ಎಳೆದರು. ಫೇಲಾದವರ ಮನೆಗಳಿಗೆ ಹಾಜರಿ ಕೂಗುವ ಕ್ರಮದಲ್ಲೇ ಹೋಗುತ್ತಿದ್ದಾರೆಂದು ಆಗ ಗೊತ್ತಾಯಿತು. ಎಲ್ಲ ಶಾಲೆಗಳಂತೆ ನಮ್ಮಲ್ಲೂ ಹಾಜರಿಯಲ್ಲಿ ಮೊದಲು ಹುಡುಗರು, ಹುಡುಗರೆಲ್ಲ ಮುಗಿದ ಮೇಲೆ ಹುಡುಗಿಯರು. ಹಳ್ಳಿ ಹಳ್ಳಿ ಸುತ್ತಿ ಹುಡುಗರ ಮನೆಗಳಿಗೇ ನಾಲ್ಕು ದಿನ ಹಿಡಿದಿತ್ತು. ಹುಡುಗಿಯರಲ್ಲಿ ನನ್ನ ಹೆಸರು ಮೊದಲನೆಯದು. ಗೆಳತಿಯದು ಕಟ್ಟಕಡೆಯದು.

ಅವಳಿಗೆ ಸಂಬಂಧ ಬಂದಿರುವುದು ನನಗೆ ಗೊತ್ತಿತ್ತು. ಮೊದಲು ಅಲ್ಲಿಗೆ ಹೋಗ್ರಿ ಸಾರ್ ಎನ್ನಬಹುದಿತ್ತು. ಬಾಯಿ ಬಿಡಲಿಲ್ಲ. ನನ್ನ ಖುಷಿಯಲ್ಲಿ ನಾನಿದ್ದೆ. ಅವರು ಅವಳ ಮನೆ ಮುಟ್ಟಿದ್ದು ಮತ್ತೆ ಮೂರು ದಿನಕ್ಕೆ. ಅಂಗಳದಲ್ಲಿ ಮದುವೆಯ ಚಪ್ಪರ ಎದ್ದಿತ್ತು. ಅವಳಿಗೆ ಅರಿಸಿನ ಹಚ್ಚಿ ಕೂಡಿಸಿದ್ದರು. ಮೇಷ್ಟ್ರು ಬಾಗಿಲ ಮುಂದೆ ನಿಂತು, ಅವಳ ಅಪ್ಪ ಕೊಟ್ಟ ನೀರು ಕುಡಿದು, ಒಂದು ಮಾತೂ ಆಡದೆ ತಿರುಗಿ ಬಂದರಂತೆ.

ಆ ನಾಲ್ಕು ತಿಂಗಳು ದಿನಾ ಸಂಜೆ ಶಾಲೆಯ ಜಗುಲಿಯ ಮೇಲೆ ಪಾಠ. ಬರೀ ಪುಸ್ತಕ. ಪ್ರಶ್ನೆ, ಉತ್ತರ, ಪದ್ಯ, ಬಾಯಿಪಾಠ. ಪದಗಳ ಸುದ್ದಿಯನ್ನೇ ಎತ್ತಲಿಲ್ಲ. ಒಮ್ಮೆ ನಾನೇ, "ಸಾರ್, ಟೇಕ್?" ಎಂದೆ. "ಮೊದಲ ಪಾಸಾಗು," ಎಂದರು. ನನ್ನ ನೋಟ್‌ಬುಕ್ಕು ನೋಡಿ ನಗುತ್ತಿದ್ದ ಆ ನಗು ಅವರ ಮುಖದ ಮೇಲೆ ಮತ್ತೆ ನಾನು ಕಾಣಲಿಲ್ಲ. ಅಕ್ಟೋಬರಿನಲ್ಲಿ ಪಾಸಾದೆ. ಸುದ್ದಿ ಕೇಳಿ ಅಪ್ಪ ಕೊಟ್ಟೂರಿನಿಂದ ಪೇಡೆ ತಂದ. ಮುಂದೆ ಮದುವೆಯ ಮಾತು ಅವ್ವ ಎತ್ತಿದಾಗಲೆಲ್ಲ, "ಓದ್ಲಿ ಸುಮ್ಕಿರು," ಎನ್ನುತ್ತಿದ್ದ.

ಕಾಲೇಜು, ಬಿ.ಎಡ್. ಮುಗಿಸಿ ಹಡಗಲಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನೂ ಇಂಗ್ಲಿಷ್ ಟೀಚರಾದೆ. ಮೇಷ್ಟ್ರಿಗೆ ಹರಪನಹಳ್ಳಿಗೆ ವರ್ಗವಾಗಿತ್ತು. ಎಂಬತ್ತರ ದಶಕ ಅರ್ಧ ದಾಟಿದ ಮೇಲೆ, ಅವರಿಗೆ ಆರಾಮಿಲ್ಲ ಎಂದು ಕೇಳಿ ನೋಡಲು ಹೋದೆ. ಬಸ್ ನಿಲ್ದಾಣದ ಹಿಂದಿನ ಎರಡು ಖೋಲಿಯ ಮನೆ. ಬಹಳ ಇಳಿದುಹೋಗಿದ್ದರು. ಮಂಚದ ಕೆಳಗಿನ ಟ್ರಂಕು ಎಳೆಸಿ ಒಂದು ನೋಟ್‌ಬುಕ್ಕು ತೆಗೆಸಿದರು. ಗೆಳತಿಯ 'ಲುಕ್'. ಪರೀಕ್ಷೆಗೆ ಮುಂಚೆ ತಿದ್ದಲು ಇಸಕೊಂಡದ್ದು ಅವರಲ್ಲೇ ಉಳಿದಿತ್ತು. ತೆರೆದೆ. ಅರವತ್ತೆಂಟನೇ ವಾಕ್ಯದವರೆಗೆ ಅವಳ ಅಕ್ಷರ. ಅರವತ್ತೊಂಬತ್ತರಿಂದ ಆ ಅಚ್ಚಿನಂಥ ಅಕ್ಷರ. ವರ್ಷ ವರ್ಷಕ್ಕೆ ಮಸಿಯ ಬಣ್ಣ ಬದಲಾಗಿತ್ತು, ಕೊನೆಕೊನೆಗೆ ಗೆರೆ ನಡುಗಿತ್ತು. ಇನ್ನೂರು ದಾಟಿತ್ತು.

"ಆಕಿದು ಅರ್ಧಕ್ಕ ನಿಂತಿತ್ತವ್ವಾ," ಎಂದರು. "ನೋಡ್ಕೊಂಡು ಸುಮ್ಮನ ಇರಾಕ ಆಗಲಿಲ್ಲ. ಇದನ್ನ ಆಕಿಗಿ ಮುಟ್ಟಿಸು."

"ನೀವ ಕೊಡ್ರಿ ಸಾರ್. ನಾನು ಕರಕೊಂಡು ಹೋಗ್ತೀನಿ."

"ಆಕಿ ಮುಂದ ನಾನು ಯಾವ ಮುಖ ಹೊತ್ತು ನಿಂದರಲಿ? ಗಂಡುಹುಡುಗರಿಗಿ ಯಾರು ಆಷಾಢ ಹಿಡಿಯೂದರೊಳಗ ಲಗ್ನ ಮಾಡತಿದ್ರು ಹೇಳು? ಕೈಯಾಗ ಹಾಜರಿ ಪುಸ್ತಕ ಹಿಡಕೊಂಡು ಎತ್ತಿನ ಹಂಗ ಸಾಲು ಹಿಡದು ಹೋದೆ. ಬುದ್ಧಿ ಎಲ್ಲಿಟ್ಟಿದ್ದೆ!"

ನನ್ನ ತಪ್ಪನ್ನೂ ಆಗಲೇ ಹೇಳಿಬಿಟ್ಟೆ: "ಸಾರ್, ನನಗ ಗೊತ್ತಿತ್ತು. ನಾನು ಹೇಳಲಿಲ್ಲ." "ನೀನು ಕೂಸು ಇದ್ದಿ," ಎಂದರು. "ನಾನು ಮೇಷ್ಟ್ರು ಇದ್ದೆ." ಅಷ್ಟೇ. ಹೊರಡುವಾಗ ಅವರ ಹೆಂಡತಿ ಬಾಗಿಲವರೆಗೆ ಬಂದು ಹೇಳಿದರು. ಗೆಳತಿಯ ಲಗ್ನವಾದ ಆ ವರ್ಷದಿಂದ ನಿವೃತ್ತಿಯಾಗುವವರೆಗೂ ಅವರು ತಮ್ಮ ಕ್ಲಾಸಿನ ಹಾಜರಿಯಲ್ಲಿ ಹುಡುಗಿಯರ ಹೆಸರನ್ನೇ ಮೊದಲು ಬರೆಯುತ್ತಿದ್ದರಂತೆ. ಯಾವ ಹೆಡ್‌ಮಾಸ್ತರರು ಬೈದರೂ ಬದಲಾಯಿಸಲಿಲ್ಲವಂತೆ.

ನೋಟ್‌ಬುಕ್ಕು ತಂದವಳು ಐದು ತಿಂಗಳು ಹಾಗೇ ಇಟ್ಟುಕೊಂಡೆ. ಅವಳ ಮುಖ ನೋಡಲು ನನಗೂ ಭಯ. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನವೇ, ನನ್ನ ಶಾಲೆಯ ತಾಲ್ಲೂಕಿನಲ್ಲೇ ಇದ್ದ ಮೈಲಾರದ ಬಸ್ಸು ಹತ್ತಿದೆ.

ಗೆಳತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೋಟ್‌ಬುಕ್ಕು ಕಂಡವಳೇ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ತನ್ನ ಅಕ್ಷರ ಮುಗಿದು ಅವರ ಅಕ್ಷರ ಶುರುವಾದಲ್ಲಿ ನಿಂತಳು. ಹಾಳೆ ಮೇಲೆ ಹಾಳೆ ತಿರುವಿದಳು. "ನನ್ನ ಮ್ಯಾಲ ಸಿಟ್ಟಾಗ್ಯಾರ ಅನ್ಕೊಂಡಿದ್ದೆನಲ್ಲೇ ಇಷ್ಟು ವರ್ಷ," ಎಂದಳು. "ಮನಿಗಿ ಬಂದವರು ಒಂದು ಮಾತು ಆಡದ ಹೋದ್ರು. ಓದು ಬಿಟ್ಟು ಹಸಿಮಣಿ ಏರಿದೆ ಅಂತ ಸಿಟ್ಟು ಅಂತ... ಹೆಂಗದಾರ ಈಗ?"

ಹೇಳಿದೆ. ಹಾಜರಿ ಪುಸ್ತಕದ ಸಂಗತಿಯನ್ನೂ, ರಸ್ತೆ ಬದಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಜೋಳದ ರಾಶಿಯ ಪಕ್ಕ ಕೂತು ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಒಳಗಿನಿಂದ ಮಗಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಳು. "ಈಕಿ ಏಳನೇ ಇಯತ್ತ್ಯಾಗ ಅದಾಳ. ಇಲ್ಲಿಗಿ ಸಾಕು ಅಂತಾರ ಇವರಪ್ಪ. ನೀನು ಬಂದು ಕೇಳು. ಈಗ ಕೇಳು, ತಡಾ ಮಾಡಬ್ಯಾಡ."

ಅವಳ ಗಂಡ ಹೊಲದಲ್ಲಿದ್ದ. ಅಲ್ಲಿಗೇ ನಡೆದು ಹೋದೆ. ಕೈಮುಗಿದು ನಿಂತು ಏನು ಹೇಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮುಂದಿನ ಜೂನ್‌ನಲ್ಲಿ ಎಂಟನೇ ಇಯತ್ತೆಯ ಹಾಜರಿ ಪುಸ್ತಕಕ್ಕೆ ಹೊಸ ಹೆಸರುಗಳನ್ನು ಬರೆದೆ. ಹುಡುಗಿಯರು ಮೊದಲು. ಒಂದನೇ ನಂಬರಿಗೆ ಗೆಳತಿಯ ಮಗಳು.