ರಿಂಗಾಗದ ಫೋನಿನ ಎರಡು ನಿಮಿಷ

ನಮ್ಮ ಸಿನಿಮಾ ಹಬ್ಬಕ್ಕೆ ಒಂಟಿತನದ ಬಗೆಗಿನ ಅನಿಮೇಷನ್ ಚಿತ್ರಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಾಳಗಡಿಯ ಕಾಲೇಜು ಲೈಬ್ರರಿಯಲ್ಲಿ ಕೂರುವವಳಿಗೆ ಪುರುಸೊತ್ತಿರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಬಂದ ಚಿತ್ರಗಳು ನಲವತ್ತಕ್ಕೂ ಹೆಚ್ಚು. ಒಂದೂವರೆ ಗಂಟೆಗೆ ಹೊಂದುವಷ್ಟನ್ನು ಮಾತ್ರ ಉಳಿಸಿಕೊಳ್ಳಬೇಕು. ಬೆಳಿಗ್ಗೆ ದೋಸೆ ಹುಯ್ಯುವ ಮುಂಚೆ ಒಂದು, ಸಂಜೆ ಬಟ್ಟೆ ಮಡಚುತ್ತ ಎರಡು, ಹೀಗೆ ನೋಡುತ್ತ ಹೋದೆ. ಕಿಟಕಿಯಲ್ಲಿ ಕೂತ ಗಂಡಸು, ಲಿಫ್ಟಿನಲ್ಲೇ ವಾಸಿಸುವ ಮುದುಕಿ, ಸಮುದ್ರದ ನಡುವೆ ದೀಪ ಕಾಯುವ ಕರಡಿ. ವಾರ ಕಳೆಯುವಷ್ಟರಲ್ಲಿ ಯಾವ ದುಃಖ ಯಾರದೆಂದು ನೆನಪಿಡಲು ನೋಟ್‌ಬುಕ್ ಬೇಕಾಯಿತು.

"ಎಂತ ಮಾರಾಯ್ತಿ, ಇವತ್ತೂ ಒಂಟಿಯವರ ಜೊತೆಗೇ ಊಟವಾ?" ಎಂದರು ನನ್ನ ಗಂಡ. "ಈ ಕಡೆ ನಾನೂ ಒಬ್ಬ ಇದ್ದೀನಿ, ತಟ್ಟೆ ಹಿಡ್ಕಂಡು."

"ನಿಮ್ದು ಎಷ್ಟು ನಿಮಿಷ?" ಎಂದೆ.

ಆ ರಾಶಿಯಲ್ಲಿ ಒಂದು ನಮ್ಮ ಕಡೆಯದೇ. ಕಡಹಿನಬೈಲಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಮಾಡಿದ್ದು. ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮನೆ, ಮೇಜು, ಮನುಷ್ಯನನ್ನು ಮಾಡಿ, ಕೂದಲೆಳೆಯಷ್ಟು ಸರಿಸುತ್ತ, ಮೊಬೈಲಿನಲ್ಲಿ ಒಂದೊಂದೇ ಫೋಟೊ ತೆಗೆದು ಜೋಡಿಸಿದ ಎಂಟು ನಿಮಿಷದ ಚಿತ್ರ. ಕೊನೆಯ ಎರಡು ನಿಮಿಷ ಮೇಜಿನ ಮೇಲೊಂದು ಫೋನು. ಅದು ರಿಂಗಾಗುವುದಿಲ್ಲ. ಅಷ್ಟೇ.

"ಆ ಎರಡು ನಿಮಿಷ ತೆಗೆಸಿ ಮೇಡಂ," ಎಂದರು ಹಬ್ಬದ ಸಂಚಾಲಕರು. "ಕಂಪ್ಯೂಟರ್ ಹ್ಯಾಂಗ್ ಆಯ್ತು ಅಂದ್ಕೊಳ್ತಾರೆ ಜನ."

ಮೆಸೇಜಿನಲ್ಲಿ ಕೇಳುವ ಮಾತಲ್ಲ. ಭಾನುವಾರ ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಮನೆ ತಲುಪಿದೆ. ಮೇಷ್ಟ್ರು ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಸ್ಲೇಟಿನಲ್ಲಿ ಬರೆದರು: 'ದನಿ ಇದ್ದಾಗ ದಿನಕ್ಕೆ ಹತ್ತು ಫೋನು. ಈಗ ಮಾತಾಡದವನಿಗೆ ಯಾಕೆ ಮಾಡೋದು ಅಂತ ಬಿಟ್ಟಿದಾರೆ.' ಒರೆಸಿ ಮತ್ತೆ ಬರೆದರು: 'ಕಿವಿ ಸರಿ ಇದೆ. ಆ ಸ್ನೇಹಿತರನ್ನೆಲ್ಲ ಹಬ್ಬಕ್ಕೆ ಕರೆದಿದೀನಿ. ಎರಡು ನಿಮಿಷ ಅವರೂ ಕೂರಲಿ.'

ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಆ ಎರಡು ನಿಮಿಷಕ್ಕೆ ಜಾಗ ಮಾಡಲು ಕರಡಿಯ ಚಿತ್ರವನ್ನು ಕೈಬಿಟ್ಟೆ. ಮೇಷ್ಟ್ರ ಚಿತ್ರವನ್ನು ಗೌರವವೆಂದು ಕಟ್ಟಕಡೆಗೆ ಇಟ್ಟೆ. ನಮ್ಮ ಸಭೆಗಳಲ್ಲಿ ದೊಡ್ಡವರ ಸರದಿ ಕೊನೆಗೇ ಅಲ್ಲವೇ? ಅದೇ ತಪ್ಪಾಯಿತು.

ಕೊಪ್ಪದ ಸಭಾಂಗಣದಲ್ಲಿ ಮೂರಕ್ಕೆ ಶುರುವಾಗಬೇಕಿದ್ದದ್ದು ತಡವಾಯಿತು. ಪ್ರಾರ್ಥನೆ, ಸ್ವಾಗತ, ಹಾರ. ಆಮೇಲೆ ಶೃಂಗೇರಿಯಿಂದ ಬಂದ ಅತಿಥಿಗಳು ಒಂಟಿತನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮುಗಿಸಿ ಎಂದು ಎರಡು ಸಲ ಚೀಟಿ ಕಳಿಸಿದೆ. ಅವರು ಓದದೆ ಜೇಬಿಗಿಟ್ಟು, ನನ್ನ ಕಡೆ ಕೈಮುಗಿದು ಮುಂದುವರಿಸಿದರು.

ಮೇಷ್ಟ್ರ ಚಿತ್ರ ಪರದೆಗೆ ಬರುವಾಗ ಐದೂವರೆ. ಅವರ ಊರಿನ ಕಡೆಗೆ ಕೊನೆಯ ಬಸ್ಸು ಐದೂ ಮುಕ್ಕಾಲಿಗೆ. ಕಾಗದದ ಮೇಜಿನ ಮೇಲೆ ಫೋನು ಕಾಣಿಸಿಕೊಂಡಿತು, ಕುರ್ಚಿಗಳು ಕಿರುಗುಟ್ಟಿದವು.

"ಏಳೋ ಮಾರಾಯ," ಎಂದರು ಮೇಷ್ಟ್ರ ಸ್ನೇಹಿತರೊಬ್ಬರು ಪಕ್ಕದವರಿಗೆ. "ಬಸ್ ತಪ್ಪಿದ್ರೆ ಇಲ್ಲಿ ನಾವೇ ಒಂಟಿ ಆಗ್ತೀವಿ."

ಅವರ ಹಿಂದೆಯೇ ಉಳಿದವರೂ ಎದ್ದರು. ಎದ್ದವರ ನೆರಳುಗಳು ಒಂದೊಂದಾಗಿ ಆ ಮೇಜಿನ ಮೇಲೆ ಹಾದುಹೋದವು. ಮೇಷ್ಟ್ರು ನೋಡುತ್ತ ಕೂತಿದ್ದರು. ಕೊನೆಗೆ ಗಡಿಯಾರ ನೋಡಿ, ಚೀಲ ಹೆಗಲಿಗೇರಿಸಿ, ನನ್ನ ಭುಜ ತಟ್ಟಿ ತಾವೂ ಹೊರಟರು. ಅವರಿಗೂ ಅದೇ ಬಸ್ಸು. ಪೂರ್ತಿ ನೋಡಿದ್ದು ನಾನು ಮತ್ತು ಪ್ರೊಜೆಕ್ಟರಿನವರು.

ಮಾರನೆಯ ಬೆಳಿಗ್ಗೆ ಕುಕ್ಕರ್ ಇಟ್ಟು ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಿದರು, ಉಸಿರು ಕೇಳಿಸಿತು. ಕ್ಷಮೆ ಕೇಳಬೇಕೆಂದಿದ್ದೆ, ಕೇಳಿದ್ದು ಬಸ್ಸಿನ ಮಾತು.

"ಮೇಷ್ಟ್ರೇ, ಹೌದಾದ್ರೆ ಫೋನಿಗೆ ಒಂದ್ ಸಲ ಬಡೀರಿ, ಇಲ್ಲಾಂದ್ರೆ ಎರಡು ಸಲ. ಬಸ್ಸಲ್ಲಿ ಸೀಟ್ ಸಿಕ್ತಾ?"

ಟಕ್.

"ಅವ್ರೆಲ್ಲ ಸಿನಿಮಾ ಬಗ್ಗೆ ಏನಾದ್ರೂ ಅಂದ್ರಾ?"

ಟಕ್ ಟಕ್.

ಕರೆ ಕಡಿಯದೆ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆ ಕಟ್ಟೆಯ ಮೇಲಿಟ್ಟು ಬೀನ್ಸ್ ಹೆಚ್ಚತೊಡಗಿದೆ. ಕುಕ್ಕರ್ ಮೂರು ಕೂಗು ಹಾಕುವವರೆಗೂ ಅವರು ಫೋನ್ ಇಡಲಿಲ್ಲ.