ಅವನು ಆರಿಸಿಕೊಟ್ಟ ಬೂಟು

ನನ್ನ ಕಾಲೂ ನನ್ನ ಗೆಳೆಯನ ಕಾಲೂ ಒಂದೇ ಅಳತೆ. ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದಾಗ ಯಾರು ಮೊದಲು ಏಳುತ್ತಾರೋ ಅವರಿಗೆ ಒಳ್ಳೆಯ ಚಪ್ಪಲಿ. ಈಗ ಇಬ್ಬರಿಗೂ ಕೊಟ್ಟೂರಿನಲ್ಲೇ ನೌಕರಿ, ಇಬ್ಬರಿಗೂ ಹೊಟ್ಟೆ ಬಂದಿದೆ, ಅದನ್ನು ಕರಗಿಸಲು ಸೈಕಲ್ಲು. ಆ ವಿಷಯದಲ್ಲಿ ಅವನು ನನಗಿಂತ ಹಿರಿಯ, ಹಾಗಾಗಿ ಅವನು ಹೇಳಿದ್ದೇ ವೇದವಾಕ್ಯ.

ಕ್ಲಿಪ್‌ಲೆಸ್ ಪೆಡಲ್ ಹಾಕಿಸುವ ಹುಚ್ಚು ಮಾತ್ರ ನನ್ನದೇ. ಅದರ ಬೂಟಿನ ಅಡಿಯಲ್ಲೊಂದು ಬಿಲ್ಲೆ ಇರುತ್ತದೆ. ಪೆಡಲ್ ಮೇಲೆ ತುಳಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಮೇಲಕ್ಕೆ ಎಳೆದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ನಾನು ಫೋನಿನಲ್ಲಿ ನೋಡಿ ನೋಡಿ ಒಂದು ಜೋಡಿ ಆರಿಸಿಟ್ಟಿದ್ದೆ. ಬಿಲ್ಲೆ ಅಡಿಯೊಳಗೇ ಹುದುಗಿರುವಂಥದ್ದು, ಹಾಕಿಕೊಂಡೇ ಚಹಾದಂಗಡಿಗೆ ನಡೆದು ಹೋಗಬಹುದು. ಅವನು ಮೂಗು ಮುರಿದ. ಕಲಿಯುವುದಾದರೆ ಗಟ್ಟಿ ಅಡಿಯದ್ದರಲ್ಲೇ ಕಲಿ, ದಾವಣಗೆರೆಯ ಪರಿಚಯದವರೊಬ್ಬರ ಹತ್ತಿರ ಪೆಡಲ್ ಸಮೇತ ಒಂದು ಜೋಡಿ ಇದೆ, ನಮ್ಮದೇ ಅಳತೆ ಎಂದ. ನನ್ನದನ್ನು ಬಿಟ್ಟು ಅವನದಕ್ಕೆ ತಲೆಯಾಡಿಸಿದೆ. ತಂದುಕೊಟ್ಟಾಗ ಎಡ ಬೂಟಿನ ಪಕ್ಕ ಸ್ವಲ್ಪ ತರಚಿತ್ತು. ನಾನು ಕೇಳಲಿಲ್ಲ.

ಕಾಂಪೌಂಡ್ ಗೋಡೆ ಹಿಡಿದು ಅಭ್ಯಾಸ ಮಾಡಿದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಹರಪನಹಳ್ಳಿ ರಸ್ತೆಗೆ ಹೊರಟೆವು. ಊರ ಹೊರಗೆ ಹನುಮಪ್ಪನ ಗುಡಿ. ಅದರ ಮುಂದೆ ಹಾಯುವಾಗ ನಾವು ಗಾಡಿ ನಿಲ್ಲಿಸುವುದಿಲ್ಲ. ವೇಗ ತಗ್ಗಿಸಿ, ಒಂದು ಕಾಲನ್ನು ಚಪ್ಪಲಿಯಿಂದ ಮೇಲಕ್ಕೆತ್ತಿ, ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಮುಂದೆ ಹೋಗುತ್ತೇವೆ. ಮುಂದಿದ್ದ ಅವನು ಹಾಗೇ ಮಾಡಿದ; ಅವನ ಕಾಲಲ್ಲಿ ಹಳೇ ಚಪ್ಪಲಿ. ನನ್ನ ಕೈಯೂ ಎದೆಗೆ ಹೋಯಿತು. ಕಾಲು ಎತ್ತಿದೆ, ಬರಲಿಲ್ಲ. ರಸ್ತೆ ಬದಿ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಸೈಕಲ್ ಸಮೇತ ಎಡಕ್ಕೆ ಬಿದ್ದೆ. ಅವನು ನಗಲಿಲ್ಲ. ಗೆಳೆಯ ಅಂದರೆ ಇವನಪ್ಪಾ ಅಂದುಕೊಂಡೆ.

ಹತ್ತಿರವಿದ್ದ ತನ್ನ ಮನೆಗೇ ಕರೆದುಕೊಂಡು ಹೋದ. ಬೂಟನ್ನು ಬಾಗಿಲಲ್ಲಿ ಬಿಚ್ಚಿ ಒಳಗೆ ಕೂತೆ. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ. ನನ್ನ ಮೊಣಕೈಗೆ ಅರಿಶಿನ ತಂದ ಅವನ ಹೆಂಡತಿ ಬೂಟು ನೋಡಿ ಅಲ್ಲೇ ನಿಂತಳು.

"ಇವು ನಿಮ್ಮ ಹತ್ರ ಹೆಂಗ ಬಂದ್ವು ಅಣ್ಣಾರ? ಹೋದ ತಿಂಗಳ ಇವ್ರು ಹನುಮಪ್ಪನ ಗುಡಿ ಮುಂದ ಇವನ್ನ ಹಾಕ್ಕೊಂಡೇ ಬಿದ್ದಿದ್ರು. ಪೀಡೆ ಕಳೀಲಿ, ಗುಡಿ ಮುಂದ ಬಿಟ್ಟು ಬರ್ರಿ ಅಂದಿದ್ದೆ. ಬಿಟ್ಟು ಬಂದೀನಿ ಅಂದ್ರಲ್ಲ."

ಮೊಣಕೈ ಉರಿ ಮರೆತೇ ಹೋಯಿತು. ನಾನೂ ಬಿದ್ದೀನಿ, ಹುಷಾರು ಅಂತ ಒಂದು ಮಾತು ಹೇಳಿದ್ದರೆ ಅದೇ ಬೂಟನ್ನು ನಗುತ್ತಾ ಹಾಕಿಕೊಳ್ಳುತ್ತಿದ್ದೆ. ಪೀಡೆ ಗೀಡೆ ನಾನು ನಂಬುವವನಲ್ಲ. ಆದರೆ ಅವನು ನಂಬುತ್ತಾನೆ, ಬೆಕ್ಕು ಅಡ್ಡ ಬಂದರೆ ಸೈಕಲ್ ನಿಲ್ಲಿಸಿ ಕಾಯುವವನು. ನಂಬಿಯೂ ಅದನ್ನು ನನ್ನ ಕಾಲಿಗೆ ತೊಡಿಸಿದ.

ಚಹಾಕ್ಕೂ ಕೂರದೆ, ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಹೊರಟೆ. ಓಣಿಯ ತಿರುವಿಗೆ ಬಂದಾಗ ಹಿಂದಿನಿಂದ ಕೂಗಿದ.

"ಲೇ, ಬೂಟು ಇಲ್ಲೇ ಬಿಟ್ಟು ಹೊಂಟೀಯಲ್ಲೋ."

"ಗುಡಿ ದೂರ ಆತು," ಅಂದೆ. "ನಿನ್ನ ಬಾಗಲದಾಗ ಬಿಟ್ಟೀನಿ."