ಚಹಾ ಮಾಡುವವರ ಪಾಳಿ

ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ. ಬಣ್ಣದ ವಾಸನೆ ನನಗೇನೂ ಮಾಡಲಿಲ್ಲ. ಮಧ್ಯಾಹ್ನ ಕೆಲಸದವರು ಬ್ರಶ್ ತೊಳೆಯಲು ಸೀಮೆಎಣ್ಣೆಯ ಡಬ್ಬಿ ತೆರೆದರು ನೋಡಿ, ಆ ವಾಸನೆ ಬಾಗಲಕೋಟೆಯ ನವನಗರದ ಈ ನೇರವಾದ ರಸ್ತೆ ದಾಟಿ, ಕಿಟಕಿಯ ಸರಳು ದಾಟಿ ಒಳಗೆ ಬಂತು. ಬಂದದ್ದೇ ತಡ, ನನಗೆ ಹಾಡು ಕೇಳುವ ಆಸೆಯಾಯಿತು. ಸೀಮೆಎಣ್ಣೆಗೂ ಹಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗಿರುವ ಅಲ್ಪಸ್ವಲ್ಪ ಸಂಗೀತಜ್ಞಾನವೆಲ್ಲ ಒಂದು ಪಂಪ್ ಸ್ಟೋವಿನ ಸುತ್ತ ಸಂಪಾದಿಸಿದ್ದು.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ನೆನಪನ್ನು ನಂಬುವವನಲ್ಲ. ಅದು ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದು, ಮೊದಲಿನಿಂದಲೂ ಹೀಗೇ ಇತ್ತು ಎಂದು ಆಣೆ ಮಾಡುತ್ತದೆ. ಎಲ್ಲಿ ಸುಣ್ಣ ತೀರ ಬೆಳ್ಳಗೆ ಕಾಣುತ್ತದೋ ಅಲ್ಲಿ ನಿಂತು ಉಗುರಿನಿಂದ ಕೆರೆದು ನೋಡುತ್ತೇನೆ. ನೀವೂ ಜೊತೆಗೆ ನಿಲ್ಲಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ, ರವಿವಾರ ಮಧ್ಯಾಹ್ನ ನಾವು ನಾಲ್ಕು ಜನ ಇಳಕಲ್ಲಿನ ವಿಮಲಕ್ಕನ ಮನೆಯಲ್ಲಿ ಸೇರುತ್ತಿದ್ದೆವು. ವಿಮಲಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು. ನಮಗಿಂತ ಹಿರಿಯರು, ಗಂಡ ತೀರಿಕೊಂಡಿದ್ದರು. ಸೊಲ್ಲಾಪುರದ ಅಣ್ಣ ಕೊಟ್ಟ ರೆಕಾರ್ಡ್ ಪ್ಲೇಯರ್ ಅವರ ಮನೆಯಲ್ಲಿತ್ತು. ನಾವು ಅಲ್ಲಿ ಸೇರಲು ಅದೇ ಕಾರಣ. ಹಾಡು ಹಚ್ಚಿದಾಗ ಬೀದಿಬಾಗಿಲನ್ನು ಪೂರಾ ತೆರೆದಿಡುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಮುಚ್ಚಿದ್ರ ಓಣಿ ಮಂದಿ ನಮ್ಮ ಮಾತಿಗೆ ಕಿವಿ ಹಚ್ತಾರ. ತೆರದಿಟ್ರ ಹಾಡು ಕೇಳ್ತಾರ," ಅಂದಿದ್ದರು.

ದಸ್ತಗೀರ ಬಾಗಲಕೋಟೆ–ಇಳಕಲ್ ಬಸ್ಸಿನ ಕಂಡಕ್ಟರ್. ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿರುವ ಹಳೇ ಬಾಗಲಕೋಟೆಯ ಪೇಟೆಯಲ್ಲಿ ಅವನಿಗೆ ಒಬ್ಬ ಅಂಗಡಿಯವನ ಸ್ನೇಹವಿತ್ತು. ಅವನಿಂದ ರೆಕಾರ್ಡುಗಳನ್ನು ಎರವಲು ತಂದು, ಬಸ್ಸಿನಲ್ಲಿ ಅವಕ್ಕೊಂದು ಸೀಟು ಹಿಡಿದು ಕೂರಿಸಿಕೊಂಡು ಬರುತ್ತಿದ್ದ. ನಾನು ಹುನಗುಂದದ ಹೈಸ್ಕೂಲ್ ಮಾಸ್ತರ. ನಾಲ್ಕನೆಯವನು ಶಿವಪುತ್ರ. ಸೀರೆ ನೇಯುವವರ ನೂಲಿಗೆ ಬಣ್ಣ ಕಟ್ಟುವುದು ಅವನ ಮನೆತನದ ಕೆಲಸ. ಅವನ ಉಗುರುಗಳು ನೀಲಿ ಬಿಟ್ಟು ಬೇರೆ ಬಣ್ಣದಲ್ಲಿದ್ದದ್ದನ್ನು ಆಗ ನಾನು ನೋಡಿರಲಿಲ್ಲ. ರೆಕಾರ್ಡನ್ನು ಧೋತರದ ಚುಂಗಿನಿಂದಲೇ ಹಿಡಿಯುತ್ತಿದ್ದ. ಮಾತಾಡಿದರೆ ಮಾತ್ರ ಬಣ್ಣದ ಹಂಡೆಯ ಆಚೆ ಈಚೆ ನಿಂತವರಿಗೆ ಕೂಗಿ ಕೂಗಿ ದಪ್ಪವಾದ ಧ್ವನಿ. ಬಸ್ ಸ್ಟ್ಯಾಂಡಿನಲ್ಲಿ ಒದರುವ ಕೆಲಸ ಅವನಿಗೆ ಸಿಗಬೇಕಿತ್ತು ಎಂದು ದಸ್ತಗೀರ ಹೇಳುತ್ತಿದ್ದ.

ಪಾಳಿಯ ಪ್ರಕಾರ ವಾರಕ್ಕೊಬ್ಬರು ಒಂದು ರೆಕಾರ್ಡು ತರಬೇಕು. ಇದು ಕೇಳಲು ಲಾಯಕ್ಕು ಎಂದು ಹೇಳಿ ಹಚ್ಚಬೇಕು. ಹಾಡು ಮುಗಿದ ಮೇಲೆ ಉಳಿದ ಮೂವರು ವಿಮರ್ಶೆ ಮಾಡಬೇಕು. ತಂದವರು ಆಗ ಬಾಯಿ ತೆರೆಯಕೂಡದು. ಆದರೆ ತಾವು ಮೆಚ್ಚಿ ತಂದದ್ದನ್ನು ಬೈಯುವಾಗ ಸುಮ್ಮನೆ ಕೂರುವುದು ಯಾರಿಂದಾದೀತು? ದಸ್ತಗೀರ ಒಂದು ಸಲ ಕವ್ವಾಲಿಯ ಪರವಾಗಿ ವಾದಿಸುತ್ತ ಪ್ಲೇಯರಿನ ಮುಳ್ಳನ್ನೇ ಮುರಿದ. ಆಮೇಲೆ ವಿಮಲಕ್ಕ ಒಂದು ನಿಯಮ ಮಾಡಿದರು: ವಿಮರ್ಶೆ ನಡೆಯುವಾಗ ಹಾಡು ತಂದವರು ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಮಾಡಬೇಕು. ನಾವು ಒಳಗಿನವರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದೆವು. ಅವರ ಉತ್ತರವೆಲ್ಲ ಚಹಾದಲ್ಲಿ ಬರುತ್ತಿತ್ತು. ಸಕ್ಕರೆ ಕಡಿಮೆಯಾದರೆ ಮನಸ್ಸಿಗೆ ನೋವಾಗಿದೆ, ಹೆಚ್ಚಾದರೆ ಸಂತೋಷ, ಹಾಲು ಒಡೆದಿದ್ದರೆ ಮುಂದಿನ ವಾರ ಬರುವುದು ಸಂಶಯ.

ನಾನು ಆಗ ಬಹಳ ಓದಿಕೊಂಡವನು. ಧಾರವಾಡದ ಗೆಳೆಯನಿಂದ ಪರದೇಶದ ವಾದ್ಯಗಳ ಒಂದು ದೊಡ್ಡ ರೆಕಾರ್ಡ್ ತಂದು, "ಇದರಲ್ಲಿ ಮೌನಕ್ಕೂ ಒಂದು ಆಯಾಮವಿದೆ" ಎಂದು ಪೀಠಿಕೆ ಹಾಕಿ ಹಚ್ಚಿದೆ. ನಾನು ಒಳಗೆ ಹೋದ ಮೇಲೆ ವಿಮಲಕ್ಕ ಅಂದರಂತೆ: "ಮಾಸ್ತರ ಆಯಾಮ ಛಲೋ ಐತಿ. ಆದ್ರ ನಡಬರಕ ಯಾರೋ ಕುರ್ಚಿ ಎಳಿತಿದ್ರು."

ಅಂದರಂತೆ ಎಂದು ಬರೆದೆನಲ್ಲ, ಅಲ್ಲಿ ನಿಲ್ಲಿ. ನಾನು ಒಳಗೇ ಇದ್ದೆ, ನನಗೆ ಕೇಳಿಸಬೇಕಿತ್ತು. ಕೇಳಿಸಿರಲಿಲ್ಲ. ವಿಮಲಕ್ಕನ ಪಂಪ್ ಸ್ಟೋವ್ ಹಚ್ಚಿದರೆ ಆ ಪುಟ್ಟ ಅಡುಗೆಮನೆಯಲ್ಲಿ ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ. ಭುಸ್ಸೆನ್ನುವ ಆ ಸದ್ದಿನಲ್ಲಿ ಹೊರಗಿನ ಒಂದಕ್ಷರವೂ ಒಳಗೆ ಬರುತ್ತಿರಲಿಲ್ಲ. ಆದರೆ ಕೇಳಿಸಲಿಲ್ಲ ಎಂದು ಹೇಳಲು ನಾಚಿಕೆ. ಗಂಭೀರವಾದ ಮುಖ ಮಾಡಿಕೊಂಡು ಕಪ್ಪುಗಳನ್ನು ಹಿಡಿದು ಹೊರಗೆ ಬರುತ್ತಿದ್ದೆ. ಉಳಿದವರೂ ಅದನ್ನೇ ಮಾಡುತ್ತಿದ್ದರು ಎಂದು ತಿಳಿಯಲು ವರ್ಷಗಳೇ ಬೇಕಾದವು. ಅಂದರೆ ಇಷ್ಟು ರವಿವಾರ ನಾವು ಗಂಟಲು ಹರಿದುಕೊಂಡು ಸ್ಟೋವಿಗೆ ವಿಮರ್ಶೆ ಹೇಳಿದ್ದೆವು. ಸಕ್ಕರೆಯ ಭಾಷೆಯನ್ನೂ ನಾವೇ ಕಟ್ಟಿಕೊಂಡಿದ್ದೆವು. ಬಹುಶಃ ನಮ್ಮ ಗೆಳೆತನ ಅಷ್ಟು ದಿನ ಬಾಳಿದ್ದೂ ಅದರಿಂದಲೇ.

ಇದು ತಿಳಿದದ್ದು ಶಿವಪುತ್ರನ ಒಂದು ಪಾಳಿಯಲ್ಲಿ. ಅಷ್ಟು ಹೊತ್ತಿಗೆ ರೆಕಾರ್ಡಿನ ಕಾಲ ಇಳಿದು ಕ್ಯಾಸೆಟ್ ಬಂದಿತ್ತು, ವಿಮಲಕ್ಕ ಟೇಪ್ ರಿಕಾರ್ಡರ್ ಕೊಂಡಿದ್ದರು. ಶಿವಪುತ್ರ ಹೊದಿಕೆ ಇಲ್ಲದ, ಹೆಸರಿಲ್ಲದ ಒಂದು ಕ್ಯಾಸೆಟ್ ತಂದ.

"ಯಾರದಲೇ ಇದು?" ದಸ್ತಗೀರ ಕೇಳಿದ.

"ಹೊಸಬ ಅದಾನ. ಹೆಸರು ಆಮ್ಯಾಲೆ ಹೇಳ್ತೇನಿ. ಮೊದಲ ಕೇಳ್ರಿ."

ಒಂದು ಹಾರ್ಮೋನಿಯಂ, ಒಂದು ತಬಲಾ, ಒಬ್ಬ ಗಂಡಸಿನ ಧ್ವನಿ. ಭಕ್ತಿಯ ಪದಗಳು. ಧ್ವನಿ ಬಹಳ ತೆಳ್ಳಗೆ, ಹತ್ತಿರ, ಕಿವಿಯ ಪಕ್ಕದಲ್ಲಿ ಎಳೆ ಹಿಡಿದ ಹಾಗೆ. ಎಲ್ಲಿಯೂ ಏರಲಿಲ್ಲ. ಏರಬೇಕಾದ ಜಾಗ ಬಂದಾಗ ಬಾಗಿಲ ಸಂದಿಯಿಂದ ಹಣಿಕಿ ನೋಡಿ ವಾಪಸು ಬರುತ್ತಿತ್ತು. ಹಾಡು ಮುಗಿಯಿತು. ಶಿವಪುತ್ರ ಎದ್ದು ಒಳಗೆ ಹೋದ. ನಾವು ಶುರು ಮಾಡಿದೆವು.

"ಗಂಟಲ ಐತಿ, ದಮ್ಮಿಲ್ಲ," ಅಂದ ದಸ್ತಗೀರ. "ನನ್ನ ಬಸ್ಸಿನ್ಯಾಗ ಇಂವಾ ಹಾಡಿದ್ರ ಡ್ರೈವರಗ ಸುದ್ಧಾ ಕೇಳಂಗಿಲ್ಲ."

ಆಮೇಲೆ ನಮ್ಮಲ್ಲೊಬ್ಬರು ಹೇಳಿದರು: "ಮಗ್ಗಲ ಖೋಲ್ಯಾಗ ಯಾರೋ ಮಲಗ್ಯಾರ. ಅವರು ಏಳಬಾರದು ಅಂತ ಹಾಡಿದಂಗ ಐತಿ."

ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆಂಬ ಆ ಮಾತಿಗೆ ನಕ್ಕೆವು. ನಗುತ್ತಿರುವಾಗಲೇ ವಿಮಲಕ್ಕ ಕೈ ಎತ್ತಿದರು. ಅಡುಗೆಮನೆಯಿಂದ ಯಾವ ಸದ್ದೂ ಇರಲಿಲ್ಲ. ಪಂಪ್ ಹೊಡೆಯುವ ಸದ್ದಿಲ್ಲ, ಭುಸ್ಸೆನ್ನುವುದಿಲ್ಲ, ಪಾತ್ರೆ ಅಲುಗಿದ್ದಿಲ್ಲ.

"ಶಿವಪುತ್ರಾ, ಸ್ಟೋವ್ ಯಾಕ ಹಚ್ಚಿಲ್ಲೋ?"

ಸ್ಟೋವ್ ಹಚ್ಚಿದರೆ ಹೊರಗಿನ ಮಾತು ಕೇಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಇವತ್ತು ಅವನಿಗೆ ಕೇಳಬೇಕಾಗಿತ್ತು. ನಾವು ಮೂವರೂ ಒಂದೇ ಸಲ ಆ ಟೇಪ್ ರಿಕಾರ್ಡರಿನ ಕಡೆ ನೋಡಿದೆವು. ಶಿವಪುತ್ರ ಹಾಡುತ್ತಾನೆಂದು ನಮಗೆ ಗೊತ್ತಿತ್ತು, ಮಠದ ಭಜನೆಯಲ್ಲಿ ಹತ್ತು ಜನರ ನಡುವೆ ಬಾಯಿ ಆಡಿಸಿದ್ದನ್ನು ಕಂಡಿದ್ದೆವು. ಒಬ್ಬನೇ ಹಾಡಿದ್ದನ್ನು ಕೇಳಿರಲಿಲ್ಲ. ಒದರುವ ಆ ಗಂಟಲಿನಲ್ಲಿ ಈ ಎಳೆ ಇರಬಹುದೆಂದು ಯಾರು ಎಣಿಸಿಯಾರು?

ವಿಮಲಕ್ಕನ ಪಾಳಿ ಬಾಕಿ ಇತ್ತು. ಅವರು ಏನಂದರು? ನನ್ನ ನೆನಪಿನಲ್ಲಿ ಅವರು, "ನನಗ ಸೇರಿತು," ಅಂದರು. ದಸ್ತಗೀರನ ಪ್ರಕಾರ, "ದಸ್ತಗೀರ ಅಂದದ್ದು ಖರೆ," ಅಂದರು. ವಿಮಲಕ್ಕನನ್ನೇ ಕೇಳಿದಾಗ, "ನಾ ಏನೂ ಅನ್ನಲಿಲ್ಲ. ಒಳಗ ಹೋಗಿ ಸ್ಟೋವ್ ಹಚ್ಚಿ ಬಂದೆ," ಅಂದರು. ಇದನ್ನು ಮಾತ್ರ ನಂಬುತ್ತೇನೆ. ಸ್ಟೋವಿನ ಸದ್ದು ಎದ್ದದ್ದು, ಅದು ಎದ್ದಾಗ ನಮಗೆಲ್ಲ ಉಸಿರು ಬಂದದ್ದು ನನಗೂ ನೆನಪಿದೆ.

ವಿಷಯ ಹೀಗಿತ್ತು. ಬಾದಾಮಿಯ ಒಂದು ಮದುವೆಯಲ್ಲಿ, ಊಟ ಮುಗಿದು ಜನ ಚೆದುರಿದ ಮೇಲೆ ಶಿವಪುತ್ರ ಒಂದು ಪದ ಹಾಡಿದ್ದ. ಅದನ್ನು ಕೇಳಿದ ಹುಬ್ಬಳ್ಳಿಯ ಕ್ಯಾಸೆಟ್ ಮಾಡುವವನೊಬ್ಬ ಕರೆಸಿಕೊಂಡು ಒಂದು ನಮೂನೆ ಮಾಡಿಸಿದ್ದ. ಚಂದ ಬಂದಿದೆ, ಹೂಂ ಅಂದರೆ ಅಚ್ಚು ಹಾಕಿಸುತ್ತೇನೆ ಎಂದಿದ್ದ. ಹೂಂ ಅನ್ನುವ ಮೊದಲು ಶಿವಪುತ್ರನಿಗೆ ನಮ್ಮ ಮಾತು ಬೇಕಿತ್ತು. ಮುಖ ನೋಡಿ ಆಡುವ ಮಾತು ಬೇಡವಾಗಿತ್ತು.

ಕಪ್ಪುಗಳನ್ನು ಹಿಡಿದು ಹೊರಗೆ ಬಂದವನು, "ನೀವ ಹೇಳಿದ್ದು ಬರೋಬ್ಬರಿ ಐತಿ. ಬಾಯಿ ಬಿಟ್ಟು ಹಾಡ್ತೇನಿ," ಅಂದ. ಸಕ್ಕರೆ ಎಂದಿನಷ್ಟೇ ಇತ್ತು. ನಮಗೆ ಅದನ್ನು ಓದಲು ಬರಲಿಲ್ಲ.

ಬಾಯಿ ಬಿಟ್ಟು ಹಾಡಿದ. ಹುಬ್ಬಳ್ಳಿಗೆ ಹೋಗಿ ಎಲ್ಲವನ್ನೂ ಮತ್ತೆ ಹಾಡಿ ಬಂದ. ಕ್ಯಾಸೆಟ್ ಅಚ್ಚಾಯಿತು. ಹೊದಿಕೆಯ ಮೇಲೆ ರುಮಾಲು ಸುತ್ತಿದ ಶಿವಪುತ್ರ, ಉಗುರು ಕಾಣದ ಹಾಗೆ ಕೈಮುಗಿದುಕೊಂಡು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಪೊಟ್ಟಣಗಳ ಪಕ್ಕದಲ್ಲಿ ಅದು ನೇತಾಡುವುದನ್ನು ಕಂಡು, ನಾನು ಪಕ್ಕದ ಸೀಟಿನವರಿಗೆಲ್ಲ, "ನಮ್ಮಾಂವ," ಎಂದು ತೋರಿಸಿದ್ದೆ. ಅವರು ನೋಡಿದರು, ಕರದಂಟು ಕೊಂಡರು.

ಅವನ ಪಾಳಿ ಮತ್ತೆ ಬಂತು. ಆ ಕ್ಯಾಸೆಟ್ಟನ್ನೇ ತಂದ. ಧ್ವನಿ ಗಟ್ಟಿಯಾಗಿ, ಭರ್ಜರಿಯಾಗಿ, ಏರಬೇಕಾದಲ್ಲೆಲ್ಲ ಏರಿತು. ಜಾತ್ರೆಯ ಧ್ವನಿವರ್ಧಕದಲ್ಲಿ ಬರುವ ಯಾರ ಧ್ವನಿ ಬೇಕಾದರೂ ಆಗಬಹುದಿತ್ತು. ಮುಗಿದ ಮೇಲೆ ಶಿವಪುತ್ರ ಒಳಗೆ ಹೋಗಿ ಸ್ಟೋವ್ ಹಚ್ಚಿದ. ನಮ್ಮ ಮಾತು ಕೇಳಿಸದಿರಲೆಂದು ಹಚ್ಚಿದ್ದು ಎಂದು ಈಗ ಅನಿಸುತ್ತದೆ, ಆಗ ಅನಿಸಿರಲಿಲ್ಲ. ನಾನೂ ದಸ್ತಗೀರನೂ ಛಲೋ ಆಗೇತಿ, ಭಾಳ ಛಲೋ ಆಗೇತಿ ಎಂದು ಒದರಿದೆವು. ವಿಮಲಕ್ಕ ಮಾತ್ರ ಧ್ವನಿ ತಗ್ಗಿಸಿ, ನಮ್ಮಿಬ್ಬರಿಗೆ ಮಾತ್ರ ಕೇಳುವ ಹಾಗೆ ಅಂದರು:

"ಆವತ್ತು ಮಗ್ಗಲ ಖೋಲ್ಯಾಗ ಯಾರೋ ಮಲಗಿದ್ರು. ಈಗ ಎದ್ದು ಹೊರಗ ಹೋಗ್ಯಾರ."

ಕ್ಯಾಸೆಟ್ ಮಾರಾಟವಾಗಲಿಲ್ಲ. ಶಿವಪುತ್ರ ಇನ್ನೊಂದು ಮಾಡಲಿಲ್ಲ. ಇದರಿಂದ ಅವನು ಮುರಿದುಹೋದ ಎಂದು ಬರೆದರೆ ನನ್ನ ಲೇಖನಕ್ಕೆ ತೂಕ ಬಂದೀತು, ಆದರೆ ಅವನಿಗೆ ಅನ್ಯಾಯವಾದೀತು. ಮುಂದಿನ ರವಿವಾರವೇ ಬಂದು ದಸ್ತಗೀರ ತಂದ ಸಿನಿಮಾ ಹಾಡುಗಳನ್ನು, "ಬಣ್ಣ ಹತ್ತೇತಿ, ಒಗದ್ರ ಹೋಗ್ತೈತಿ," ಎಂದು ಝಾಡಿಸಿದ. ನೂಲಿಗೆ ಬಣ್ಣ ಕಟ್ಟಿದ, ಮಕ್ಕಳ ಮದುವೆ ಮಾಡಿದ. ಆ ಮೊದಲ ನಮೂನೆಯ ಕ್ಯಾಸೆಟ್ ಏನಾಯಿತು? ಖಾಲಿ ಕ್ಯಾಸೆಟ್ ಸಿಗದ ಒಂದು ದಿನ ಅವನೇ ಅದರ ಮೇಲೆ ದಸ್ತಗೀರನಿಗಾಗಿ ಕವ್ವಾಲಿ ತುಂಬಿಸಿಕೊಟ್ಟ. ಹೀಗಾಗಿ ಆ ತೆಳ್ಳನೆಯ ಧ್ವನಿ ನಮ್ಮ ನೆನಪಿನಲ್ಲಿ ಬಿಟ್ಟು ಬೇರೆಲ್ಲಿಯೂ ಇಲ್ಲ. ಅದನ್ನು ಇಡಲು ಅದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ.

ಮಲಗಿದ್ದವರು ಯಾರೆಂದು ವಿಮಲಕ್ಕನೇ ಒಮ್ಮೆ ಹೇಳಿದರು. ಬಣ್ಣದ ಕೆಲಸ ನಸುಕಿನಲ್ಲೇ ಶುರುವಾಗುತ್ತಿತ್ತು. ಶಿವಪುತ್ರನ ತಂದೆ ಮಧ್ಯಾಹ್ನ ಮನೆಗೆ ಬಂದು ಮಲಗಿಬಿಡುತ್ತಿದ್ದರು. ಇದ್ದದ್ದು ಎರಡೇ ಖೋಲಿ. ಹುಡುಗ ಹಾಡು ಕಲಿತದ್ದೆಲ್ಲ ಆ ಮಧ್ಯಾಹ್ನಗಳಲ್ಲಿ, ದಣಿದ ತಂದೆಗೆ ಎಚ್ಚರವಾಗದ ಹಾಗೆ. ನಮ್ಮಲ್ಲೊಬ್ಬರು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಅದನ್ನು ದೋಷವೆಂದು ಎಣಿಸಿದ್ದೇ ತಪ್ಪಾಗಿತ್ತು. ತಮಾಷೆ ಕೇಳಿ: ಆಗ ಆ ಮಾತನ್ನು ನಾನು ದಸ್ತಗೀರನ ಮೇಲೆ, ದಸ್ತಗೀರ ನನ್ನ ಮೇಲೆ ಹಾಕುತ್ತಿದ್ದೆವು. ಈಗ ಫೋನಿನಲ್ಲಿ, "ಅದು ನಂದ ಮಾತರಿ ಮಾಸ್ತರ, ನೀವ್ಯಾಕ ಕಸಗೋತೀರಿ?" ಎಂದು ಅವನು ಜಗಳಾಡುತ್ತಾನೆ. ತೀರ್ಪು ಹೇಳಲು ವಿಮಲಕ್ಕ ಈಗ ಇಲ್ಲ.

ಸೀಮೆಎಣ್ಣೆಯ ವಾಸನೆ ಬಂದ ದಿನವೇ ಸಂಜೆ ಶಿವಪುತ್ರ ಬಂದ. ನವನಗರದಲ್ಲಿ ಅವನ ಮಗಳ ಮನೆಯಿದೆ. ಬಂದಾಗೆಲ್ಲ ನನ್ನಲ್ಲಿಗೆ ಬರುತ್ತಾನೆ. ಪಾಳಿ ಇನ್ನೂ ನಡೆದಿದೆ. ಈಗ ಹಾಡು ಮೊಬೈಲಿನಲ್ಲಿರುತ್ತದೆ. ಯಾರೋ ಹೊಸ ಹುಡುಗಿಯ ಹಾಡು ಕೇಳಿಸಿ, ಕಿಸೆಯಲ್ಲಿ ಫೋನ್ ಇಟ್ಟುಕೊಂಡು, "ಮಾತಾಡ್ರಿ ಮಾಸ್ತರ, ಚಾ ಇಡ್ತೇನಿ," ಎಂದು ಒಳಗೆ ಹೋದ. ಉಗುರಿನ ನೀಲಿ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಕಪ್ಪನ್ನು ಇನ್ನೂ ಬಟ್ಟೆಯಿಂದಲೇ ಹಿಡಿಯುತ್ತಾನೆ.

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಅವನ ಗುನುಗು ಕೇಳಿಸಿತು. ಗ್ಯಾಸಿನ ಒಲೆಗೆ ಸದ್ದಿಲ್ಲ. ವಿಮಲಕ್ಕನ ಮನೆಯಲ್ಲಿಯೂ ಅವನು ಚಹಾ ಮಾಡುತ್ತ ಹೀಗೆ ಗುನುಗುತ್ತಿದ್ದನೋ ಏನೋ, ಸ್ಟೋವಿಗೆ ಮಾತ್ರ ಗೊತ್ತು. ತೆಳ್ಳಗೆ, ಒಂದೇ ಎಳೆ, ಏರಬೇಕಾದಲ್ಲಿ ಹಣಿಕಿ ನೋಡಿ ವಾಪಸು ಬರುತ್ತ. ನನ್ನ ನೆನಪಿನ ಧ್ವನಿಯೇ ಇದು ಎಂದು ಹೇಳಲಾರೆ. ನೆನಪಿನದು ಇಷ್ಟು ಚಂದ ಇರಲಿಲ್ಲ.

ನಿಯಮದ ಪ್ರಕಾರ ನಾನು ಮಾತಾಡಬೇಕಿತ್ತು. ಬಾಯಿ ತೆರೆದರೆ ಅವನು ನಿಲ್ಲಿಸುತ್ತಾನೆ. ಮೆಚ್ಚಿದೆನೆಂದರೆ ಧ್ವನಿ ಏರಿಸಿಯೂ ಬಿಟ್ಟಾನು. ಆರಾಮ ಕುರ್ಚಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ.

ಹೆಜ್ಜೆ ಬಂತು. ಬಾಗಿಲಲ್ಲಿ ನಿಂತಿತು.

"ಮಾಸ್ತರ?"

ನಿದ್ದೆ ಹೋದವರ ಹಾಗೆ ನಾನು ಉಸಿರನ್ನು ನಿಧಾನವಾಗಿ ಬಿಟ್ಟೆ. ಕೆಳಗಿನ ಬಸಿ ಅಲುಗದ ಹಾಗೆ ಅವನು ಕಪ್ಪನ್ನು ಪಕ್ಕದಲ್ಲಿಟ್ಟ, ಎದುರಿನ ಕುರ್ಚಿಯಲ್ಲಿ ಕುಳಿತ. ಹಾಡನ್ನು ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡ, ಮೊದಲಿಗಿಂತ ಮೆಲ್ಲಗೆ.

ಚಹಾ ಆರುತ್ತಿತ್ತು. ಸಕ್ಕರೆ ಎಷ್ಟಿತ್ತೋ ನೋಡಲಿಲ್ಲ.